ತಾಟಿಗೆ ಅಡ್ಡ ಹಿಡದ ಕೈ

ಕಾಕಾ ಹೋಗಿ ಇವತ್ತಿಗೆ ಒಂಬತ್ತ ದಿನ. ಗದಗದಾಗ ಮಗಳ ಮನಿಗೆ ಹೋಗಿದ್ರು. ಮುಂಜಾನಿ ಚಾ ಕುಡಕೋತ ಕುಂತಾವ್ರು ಎದಿ ಹಿಡಕೊಂಡ್ರಂತ. ದವಾಖಾನಿ ಮುಟ್ಟಲಿಲ್ಲ.

ಅವತ್ತಿನಿಂದ ನಮ್ಮ ಖಾನಾವಳ್ಯಾಗ ಉಣ್ಣಾಕ ಬಂದವರೆಲ್ಲ ಅವರ ಸುದ್ದೀನ ತಗೀತಾರ. ಒಬ್ಬಾಂವ 'ದೇವರಂಥಾ ಮನಶ್ಯಾ' ಅಂತಾನ. ಇನ್ನೊಬ್ಬಾಂವ 'ಹಾಗಲಕಾಯಿ ರಸ ಕುಡಿಸಿ ನಮ್ಮ ಅರ್ಧ ಕೇಶ್ವಾಪುರದ ಬಾಯಿ ಕೆಡಿಸಿದ್ರು' ಅಂತಾನ. ಮೊದಲನೇದ್ದು ಸುಳ್ಳ. ಎರಡನೇದ್ದು ಸ್ವಲ್ಪ ಖರೇ. ನಾ ಅವರನ್ನ ಒಮ್ಮೆ ಉಣ್ಣೋ ತಾಟಿನ ಮುಂದಿಂದ ಎಬ್ಬಿಸಿ ಹೊರಗ ಹಾಕೇನಿ. ಅದನ್ನ ಮಾತ್ರ ಯಾರೂ ತಗಿಯಂಗಿಲ್ಲ, ನಾ ಎದುರಿಗೆ ನಿಂತಿರತೇನಲ್ಲ, ಅದಕ್ಕ. ನಾ ಎಂಟನೇತ್ತಾ ಮುಗಸದ ಸಾಲಿ ಬಿಟ್ಟಾಂವ, ಚಂದ ಮಾಡಿ ಬರ್ಯಾಕ ಬರಂಗಿಲ್ಲ. ನಡದದ್ದನ್ನ ನಡದಂಗ ಹೇಳ್ತೇನಿ.

ನಮ್ಮದು ಸಣ್ಣ ಖಾನಾವಳಿ. ಆರ ಟೇಬಲ್. ಅವ್ವ ಒಳಗ ಒಲಿ ಮುಂದ ಕುಂತು ಜ್ವಾಳದ ರೊಟ್ಟಿ ಬಡೀತಾಳ, ನಾ ಹೊರಗ ನೀಡ್ತೇನಿ. ರೊಟ್ಟಿಗೆ ಮಿತಿ ಇಲ್ಲ, ಎಷ್ಟರ ತಿನ್ರಿ. ಬಾಯಿಲೆ 'ಸಾಕು' ಅಂದ್ರ ನಾವು ಕೇಳಂಗಿಲ್ಲ, ಇನ್ನೊಂದು ಒಗದ ಬಿಡ್ತೇವಿ. ಉಣ್ಣಾಂವ ತಾಟಿನ ಮ್ಯಾಲ ಕೈ ಅಡ್ಡ ಹಿಡೀಬೇಕು. ಆವಾಗ ನಿಂದ್ರಸ್ತೇವಿ. ಅವ್ವಂತೂ ಒಮ್ಮೊಮ್ಮೆ ಅಡ್ಡ ಹಿಡದ ಕೈ ಮ್ಯಾಲನ ರೊಟ್ಟಿ ಇಟ್ಟು ಹೋಗ್ತಾಳ.

ಕಾಕಾ ಮೊದಲಿನ ಹತ್ತ ವರ್ಷ ದಿನಾ ಮಧ್ಯಾಹ್ನ ನಮ್ಮಲ್ಲೆ ಉಂಡಾರ. ಆವಾಗ ಒಂದ ದಿನಾನೂ ತಾಟಿಗೆ ಕೈ ಅಡ್ಡ ಹಿಡದಿದ್ದಿಲ್ಲ.

"ಕೈ ಅಡ್ಡ ಹಿಡಿಯೋದಂದ್ರ ನೀಡೋರ ಕೈಗೆ ಹೊಡದಂಗ ಲೇ ತಮ್ಮಾ" ಅಂತಿದ್ರು. "ನೀಡೋರು ತಾವ ನಿಂದರಬೇಕು. ಉಣ್ಣಾಂವ ನಿಂದರಸಬಾರದು."

ಹಂಗಾದ್ರ ಅವರ ಊಟ ಮುಗಿಯೋದು ಹೆಂಗ? ಕಡೀ ತುತ್ತಿನಿಂದ ತಾಟು ಸ್ವಚ್ಛ ಒರಸ್ತಿದ್ರು. ಆಮ್ಯಾಲೆ ಚರಗಿಯಿಂದ ಸ್ವಲ್ಪ ನೀರು ತಾಟಿಗೆ ಹಾಕಿ, ಕೈ ಬಟ್ಟಿನಿಂದ ತಿರುವಿ, ಆ ನೀರು ಕುಡೀತಿದ್ರು. ಅವರ ಮನಿತನದಾಗ ಹಂಗ. ಅನ್ನದ ಕಾಳೂ ಬಿಡಂಗಿಲ್ಲ, ತಾಟಿನ ನೀರೂ ಚೆಲ್ಲಂಗಿಲ್ಲ. ನೀರು ಹಾಕಿದ್ರಂದ್ರ ಮುಗೀತು. ಅಲ್ಲೀ ತನಕ ಐದ ರೊಟ್ಟಿನೂ ಆಗ್ತಿದ್ದುವು, ಆರೂ ಆಗ್ತಿದ್ದುವು.

ಮನಶ್ಯಾಗ ಶುಗರ್ ಇತ್ತು. ನಲವತ್ತೈದನೇ ವಯಸ್ಸಿನಿಂದ.

ಅವರು ಧಾನ್ಯದ ಮಾರ್ಕೆಟ್ಟಿನ್ಯಾಗ ಇದ್ದಾವ್ರು. ದಲಾಲಿ ಅಂಗಡಿ ಕಡಿಂದ ಮಾಲು ನೋಡೋದು ಅವರ ಕೆಲಸ. ಚೀಲಕ್ಕ ಚುಚ್ಚೋ ಕಬ್ಬಿಣದ ಕೊಳವಿ ಇರತೈತಲ್ಲ, ತುದಿ ಚೂಪ ಇದ್ದದ್ದು, ಅದನ್ನ ಚೀಲದ ಹೊಟ್ಟಿಗೆ ತಿವದು ನಡುವಿನ ಕಾಳು ತಗದು ನೋಡೋದು. ಮ್ಯಾಲ ಛಲೋ ಕಾಳು ಹಾಕಿ ಒಳಗ ಹುಳಕ ತುಂಬಿರ್ತಾರ, ಅದಕ್ಕ. ಮೊದಲನೇ ಸಲ ನಮ್ಮಲ್ಲೆ ಉಂಡ ದಿನ ಸೀದಾ ಅಡಗಿಮನಿಗೆ ನುಗ್ಗಿದ್ರು. ನಾ "ಏಯ್, ಯಾರ್ರೀ ನೀವು, ಹೊರಗ ಬರ್ರಿ" ಅಂದೆ. ಅವರು ಜ್ವಾಳದ ಚೀಲದಾಗ ಕೈ ಹಾಕಿ ನಾಕ ಕಾಳು ಅಂಗೈಯಾಗ ಇಟಗೊಂಡು, ಹೆಬ್ಬಟ್ಟಿಲೆ ತಿಕ್ಕಿ, ಒಂದು ಕಣ್ಣ ಮುಚ್ಚಿ ನೋಡಿ, ಒಂದು ಕಾಳು ಹಲ್ಲಿಲೆ ಕಡದ್ರು.

"ತಂಗೆವ್ವಾ, ಇದು ಹ್ವಾದ ವರ್ಷದ್ದೂ ಅಲ್ಲ, ಅದರ ಹಿಂದಿನ ವರ್ಷದ್ದು. ಯಾರ ಕೊಟ್ರು ನಿನಗ? ರೊಟ್ಟಿ ಹರೀತೈತಿಲ್ಲ, ಬಡಿಯೋವಾಗ?"

ಅವ್ವಗ ಕಣ್ಣಾಗ ನೀರು ಬಂತು. ತಿಂಗಳಿಂದ ರೊಟ್ಟಿ ಹರ್ಯಾಕತ್ತಿದ್ದುವು. ಆಕಿ ತನ್ನ ಕೈನ ಸರಿ ಇಲ್ಲ, ವಯಸ್ಸಾತು ಅಂದ್ಕೊಂಡಿದ್ಲು. ಅವತ್ತಿನಿಂದ ನಮ್ಮ ಜ್ವಾಳ ಕಾಕಾನ ಆರಿಸಿ ಕಳಸ್ತಿದ್ರು. ಅವ್ವ ಅವರಿಗೆ ಅಣ್ಣಾರ ಅಂತಿದ್ಲು, ಅಣ್ಣಾರು ಅಂದದ್ದ ಆಕಿಗೆ ಕಡೀ ಮಾತು. ಮುಂದ ಆದ ಅನಾಹುತಕ್ಕ ಬುಡ ಇಲ್ಲೇ ಐತಿ. ಜ್ವಾಳದ ವಿಷಯದಾಗ ಅವರು ಎಂದೂ ತಪ್ಪಿದ್ದಿಲ್ಲ. ಹಂಗಾಗಿ ಎಲ್ಲಾ ವಿಷಯದಾಗೂ ತಪ್ಪಂಗಿಲ್ಲ ಅಂತ ನಾವೂ ತಿಳಕೊಂಡ್ವಿ, ಅವರೂ ತಿಳಕೊಂಡ್ರು.

ಮೂಲ್ಯಾಗಿನ ಟೇಬಲ್ ಅವರದು. ಅಲ್ಲೆ ಅವರ ಜೋಡಿ ಟೇಲರ್ ಮಾಮಾ ಮತ್ತ ರೈಲ್ವೆ ಅಜ್ಜ ಕುಂದರ್ತಿದ್ರು. ಟೇಲರ್ ಮಾಮಾನ ಅಂಗಡಿ ನಮ್ಮ ಎದುರಿಗೇ ಐತಿ. ಅಜ್ಜ ರೈಲ್ವೆದಾಗ ಗೇಟ್ ಕಾಯ್ದು ರಿಟೈರ್ ಆದಾವ್ರು. ಮೂರೂ ಮಂದಿಗೆ ಶುಗರ್. ನಾ ಅದಕ್ಕ ಸಕ್ಕರಿ ಟೇಬಲ್ ಅಂತಿದ್ದೆ. ಅಲ್ಲೆ ಡಾಕ್ಟರು ಕಾಕಾ.

ಕಾಕಾನ ಶಾಸ್ತ್ರ ಹಿಂಗಿತ್ತು. ಅಕ್ಕಿ ವಿಷ. ಗೋದಿ ಅರ್ಧ ವಿಷ. ಜ್ವಾಳದಾಗ ಸಕ್ಕರೀನ ಇಲ್ಲ, ಹೊಟ್ಟಿ ಹಿಡಸುವಷ್ಟು ತಿನ್ನು. ಸಕ್ಕರಿ ಕೆಟ್ಟದ್ದು, ಬೆಲ್ಲ ಛಲೋ, ಯಾಕಂದ್ರ ಬೆಲ್ಲ ಗಾಣದಾಗ ಕಣ್ಣ ಮುಂದ ಆಗತೈತಿ, ಸಕ್ಕರಿ ಫ್ಯಾಕ್ಟರ್ಯಾಗ ಆಗತೈತಿ. ಸಿಹಿ ತಿನ್ನೋ ಮುಂಚೆ ಕಹಿ ತಿಂದ್ರ ಒಂದಕ್ಕೊಂದು ವಜಾ. ಹೋಳಿಗಿ ಊಟಕ್ಕ ಹೊಂಟ್ರಂದ್ರ ಹಾದ್ಯಾಗ ಬೇವಿನ ಎಲಿ ಹರಕೊಂಡು ತಿನ್ನಕೋತ ಹೋಗ್ತಿದ್ರು. ಪ್ರಸಾದಕ್ಕಂತೂ ಶುಗರ್ ಹತ್ತಂಗ ಇಲ್ಲ.

ತಂಬಾಕ ಬಿಟ್ಟಿದ್ರು, ಡಬ್ಬಿ ಬಿಟ್ಟಿದ್ದಿಲ್ಲ. ಅದರಾಗ ಮೆಂತೆಕಾಳು. ತಂಬಾಕ ತಿಕ್ಕಿದಂಗ ಅಂಗೈಯಾಗ ಮೆಂತೆ ತಿಕ್ಕಿ, ಯಾರ ಎದುರಿಗೆ ಬಂದ್ರೂ "ತಗೋರಿ" ಅಂತ ಚಾಚೋದು. ನಾನೂ ಒಮ್ಮೆ ತಿಂದೇನಿ. ಇಡೀ ದಿನ ಬಾಯಿ ಕಹಿ.

"ನನಗ ಶುಗರ್ ಇಲ್ಲಲ್ರಿ ಕಾಕಾ, ನನಗ್ಯಾಕ?"

"ಬರತೈತಿ, ತಡಿ" ಅಂದ್ರು. ಆಶೀರ್ವಾದ ಮಾಡಿದಂಗ.

ಡಾಕ್ಟರ್ ಕಡೆ ಹೋಗ್ತಿದ್ದಿಲ್ಲ ಅಂತೇನಿಲ್ಲ. ಮೂರ ತಿಂಗಳಿಗೊಮ್ಮೆ ಮಗಾ ಕರಕೊಂಡು ಹೋಗ್ತಿದ್ದ. ಆದ್ರ ರಕ್ತ ಕೊಡೋ ನಾಕ ದಿನ ಮುಂಚೆಯಿಂದ ಕಾಕಾ ಸೌತಿಕಾಯಿ, ಮಜ್ಜಿಗಿ, ಮೆಂತೆ ಪಲ್ಲೆ ಇಷ್ಟರ ಮ್ಯಾಲ ಇರ್ತಿದ್ರು. ಮುಂಜಾನಿ ಸಂಜೀಕ ಎರಡೂ ಹೊತ್ತು ನಡದು, ಖಾಲಿ ಹೊಟ್ಟಿ ರಕ್ತ ಕೊಟ್ಟು, ರಿಪೋರ್ಟು ತಗೊಂಡು ಸೀದಾ ನಮ್ಮಲ್ಲೆ ಬಂದು ಆರ ರೊಟ್ಟಿ ಉಂಡು ಟೇಬಲ್ ಮ್ಯಾಲ ರಿಪೋರ್ಟು ಬಿಚ್ಚಿ ಇಡೋದು.

"ನೋಡು. ನಾರ್ಮಲ್."

"ಕಾಕಾ, ಇದು ಪರೀಕ್ಷಾದಾಗ ಕಾಪಿ ಹೊಡದಂಗ ಆತಲ್ರಿ."

"ಕಾಪಿ ಹೊಡದ್ರೂ ಪಾಸಾದಾಂವ ಪಾಸ ಅಲ್ಲೇನೋ? ನೀ ಅದೂ ಆಗಲಿಲ್ಲಲ್ಲ."

ಮೂಲಿ ಟೇಬಲ್ ಎಲ್ಲಾ ನಕ್ಕಿತು. ನಾನೂ ನಕ್ಕೆ. ಆವಾಗ ನಗೂದ ಬಿಟ್ಟು ಬೈಬೇಕಿತ್ತು.

ಮನ್ಯಾಗ ಅವರ ಸೊಸಿ ಡಾಕ್ಟರ್ ಹೇಳಿದಂಗ ಎರಡ ಚಪಾತಿ, ಒಂದ್ರಾಶಿ ಪಲ್ಲೆ ಕೊಡ್ತಿದ್ಲಂತ. ಕಾಕಾ ನಮ್ಮಲ್ಲೆ ಬರಾಕ ಅದ ಕಾರಣ. "ಅಳದು ನೀಡೋ ಮನ್ಯಾಗ ಹೊಟ್ಟಿ ತುಂಬಂಗಿಲ್ಲ ತಂಗೆವ್ವಾ" ಅಂತ ಅವ್ವನ ಮುಂದ ಹೇಳ್ತಿದ್ರು. ಅವ್ವ "ಅಯ್ಯ, ಅದೆಂಥಾ ಹುಡಿಗೀರಿ" ಅಂತ ಇನ್ನೊಂದು ರೊಟ್ಟಿ ಕಳಸ್ತಿದ್ಲು. ಆ ಸೊಸೀನ್ನ ನಾವು ಕಂಡಿದ್ದಿಲ್ಲ. ಕಾಣದ ಆಕಿ ಮ್ಯಾಲ ಸಿಟ್ಟ ಮಾಡಕೊಂಡಿದ್ವಿ.

ಆಮ್ಯಾಲೆ ಅವ್ವಗೂ ಶುಗರ್ ಬಂತು.

ಬಂತು ಅಂದ್ರ, ಅವತ್ತ ಗೊತ್ತಾತು. ಅಂಗಾಲು ಉರೀತಾವ, ಬಾಯಿ ಒಣಗತೈತಿ ಅಂತಿದ್ಲು. ತೋರಿಸಿದ್ವಿ. ಡಾಕ್ಟರು ಭಾಳ ವರ್ಷದಿಂದ ಇದ್ದಂಗ ಕಾಣಸ್ತೈತಿ ಅಂದು ಗುಳಗಿ ಬರಕೊಟ್ರು. ಮುಂಜಾನಿ ಒಂದು, ರಾತ್ರಿ ಒಂದು. ನಾ ತಂದ ಕೊಟ್ಟೆ. ನನ್ನ ಕೆಲಸ ಮುಗೀತು ಅಂದ್ಕೊಂಡೆ.

ಅವ್ವ ಗುಳಗಿ ಚೀಟಿ ಕಾಕಾಗ ತೋರಿಸಿದ್ಲು. ನಾನೂ ಅಲ್ಲೇ ನೀರು ಇಡಾಕತ್ತಿದ್ದೆ. ಕಾಕಾ ಚೀಟಿ ದೂರ ಹಿಡದು ಓದಿ, ಮಡಚಿ ವಾಪಸ ಕೊಟ್ರು.

"ಇವು ಒಮ್ಮೆ ಹಿಡದ್ರ ಸಾಯೋತನ ಬಿಡಂಗಿಲ್ಲ ತಂಗೆವ್ವಾ. ಕಿಡ್ನಿ ತಿಂತಾವ. ನಂಗೂ ಕೊಟ್ಟಾರ, ನಾ ನುಂಗಂಗಿಲ್ಲ. ನಾ ಹೆಂಗದೇನಿ ನೋಡು, ಕಲ್ಲಗುಂಡು ಇದ್ದಂಗ. ನೀ ಜ್ವಾಳದಾಗ ಹುಟ್ಟಿ ಜ್ವಾಳದಾಗ ಬೆಳದಾಕಿ. ಅನ್ನ ಬಿಡು. ಮೆಂತಿ ನೀರು ಕುಡಿ. ರೊಟ್ಟಿ ತಿನ್ನು, ಅಂಜಬ್ಯಾಡ."

ನಾ ಏನೂ ಅನ್ಲಿಲ್ಲ. ಇದನ್ನ ಬರೀಲಿಕ್ಕ ಬೇಕಾಗೇತಿ. ನಾ ಅಲ್ಲೇ ಇದ್ದೆ, ಏನೂ ಅನ್ಲಿಲ್ಲ.

ಅವ್ವ ಅನ್ನ ಬಿಟ್ಲು. ಮೆಂತಿ ನೀರು ಹಿಡಿದ್ಲು. ಗುಳಗಿ ಮೊದಲ ಅರ್ಧ ಮುರದು ನುಂಗಿದ್ಲಂತ, ಆಮ್ಯಾಲೆ ಪೂರ್ತಿ ಬಿಟ್ಲಂತ. ನನಗ ಹೇಳಲಿಲ್ಲ. ನಾ ಕೇಳಲಿಲ್ಲ. ನಾಕ ತಿಂಗಳ ಹಿಂಗ ಹೋತು.

ಒಂದ ದಿನ ಮಧ್ಯಾಹ್ನ ಖಾನಾವಳಿ ತುಂಬಿತ್ತು. ಒಳಗಿಂದ ಸುಟ್ಟ ವಾಸನಿ ಬಂತು.

"ಅವ್ವಾ, ರೊಟ್ಟಿ ಸೀಯಾಕತ್ತೈತಿ ನೋಡು!"

"ಇಲ್ಲಲ್ಲೋ, ಹಂಚಿನ ಮ್ಯಾಲ ರೊಟ್ಟೀನ ಇಲ್ಲ" ಅಂತ ಒಳಗಿಂದ ಅಂದ್ಲು. "ಹಿಟ್ಟ ನಾದಾಕತ್ತೇನಿ."

ಹೋಗಿ ನೋಡಿದೆ. ಅವ್ವ ಎಡಗಾಲು ಒಲಿ ಕಡೆ ಚಾಚಿ ಕುಂತಿದ್ಲು. ಕಟಗಿ ಸಿಡದು ಒಂದು ಕೆಂಡ ಕಾಲಿನ ಕಿರಿಬಟ್ಟಿಗೆ ಹತ್ತಿ ಬಿದ್ದಿತ್ತು. ಬಟ್ಟು ಸುಡಾಕತ್ತಿತ್ತು. ಅವ್ವ ಹಾಡಿನ ಸೊಲ್ಲೊಂದು ಅನ್ನಕೋತ ಹಿಟ್ಟ ನಾದಾಕತ್ತಿದ್ಲು. ನಾ ಕೈಲೇನ ಕೆಂಡ ತಗದ ಒಗದೆ. ನನ್ನ ಕೈ ಸುಟ್ಟಿತು, ನಾ ಚೀರಿದೆ. ಆಕಿ ನನ್ನ ಕೈ ಹಿಡದು "ಯಾಕೋ, ಏನಾತೋ ನನ ಕೂಸ?" ಅಂತ ಊದಾಕತ್ತಿದ್ಲು. ತನ್ನ ಕಾಲು ನೋಡಕೊಂಡಿದ್ದಿಲ್ಲ.

ಹಂಗ ಊದಿದ್ದು ನಾ ಸಾಯೋತನ ಮರಿಯಂಗಿಲ್ಲ.

ದವಾಖಾನ್ಯಾಗ ರಕ್ತ ನೋಡಿದ್ರು, ಕಾಲು ನೋಡಿದ್ರು, ಗುಳಗಿ ಕೇಳಿದ್ರು. ಅವ್ವ ಮಾರಿ ಆ ಕಡೆ ತಿರುಗಿಸಿದ್ಲು. ನಾ ಮನಿಗೆ ಬಂದು ಹುಡುಕಿದೆ. ಅಡಗಿಮನಿ ಮೆಂತೆ ಡಬ್ಬಿ ತಳದಾಗ ಗುಳಗಿ ಪಟ್ಟಿ ಸಾಲಾಗಿ ಇದ್ದುವು, ಮೊದಲನೇದ್ದು ಬಿಟ್ರ ಒಂದೂ ಒಡದಿದ್ದಿಲ್ಲ. ಡಾಕ್ಟರು "ಬಟ್ಟು ಉಳಿಯೂದು ಕಷ್ಟ ಐತಿ. ಗಾಯ ಮ್ಯಾಲ ಏರಿದ್ರ ಪಾದಾನೂ ಹೋಗತೈತಿ. ಪಾದ ಉಳಸೋಣು, ಅದನ್ನ ನೋಡೋಣು" ಅಂದ್ರು. ರೊಟ್ಟಿ ಬಡಿಯೋ ಹೆಣಮಗಳಿಗೆ ಪಾದ ಹೋದ್ರ ಏನು ಉಳೀತೈತಿ? ಒಲಿ ಮುಂದ ಕುಂದರಾಕ ಬೇಕು, ಏಳಾಕ ಬೇಕು, ಹತ್ತ ಸಲ ನೀರಿಗೆ ಹೋಗಾಕ ಬೇಕು.

ಮರುದಿನ ಅತ್ತೀನ್ನ ಕರದು ರೊಟ್ಟಿಗೆ ಕುಂದರಿಸಿ ಖಾನಾವಳಿ ತಗದೆ. ದವಾಖಾನಿಗೆ ಬುತ್ತಿ ಒಯ್ಯೋದಿತ್ತು, ಬ್ಯಾರೆ ದಾರಿ ಇದ್ದಿಲ್ಲ. ಮಧ್ಯಾಹ್ನ ಕಾಕಾ ಬಂದ್ರು. ಅವರಿಗೆ ಏನೂ ಗೊತ್ತಿದ್ದಿಲ್ಲ. ಕುಂತು ಎರಡ ರೊಟ್ಟಿ ಉಂಡು ಮೂರನೇದ್ದು ಮುರದು ಒಳಗ ಕೇಳಸೂ ಹಂಗ ಅಂದ್ರು, "ತಂಗೆವ್ವಾ, ಇವತ್ತ ರೊಟ್ಟಿ ದಪ್ಪ ಆಗ್ಯಾವಲ್ಲ?"

ನಾ ಅವರ ಮುಂದ ಹೋಗಿ ನಿಂತೆ.

"ಏಳ್ರಿ ಮ್ಯಾಲ."

"ಯಾಕೋ?"

"ಏಳ್ರಿ ಅಂದೆ. ನಿಮ್ಮ ಮಾತು ಕೇಳಿ ನಮ್ಮವ್ವ ಗುಳಗಿ ಬಿಟ್ಲು. ಕಾಲು ಸುಟ್ಟದ್ದ ಗೊತ್ತಾಗಿಲ್ಲ ಆಕಿಗೆ. ದವಾಖಾನ್ಯಾಗ ಬಿದ್ದಾಳ. ಪಾದ ಕೊಯ್ಯೋ ಮಾತು ಆಡಾಕತ್ತಾರ. ನಿಮ್ಮ ಡಾಕ್ಟರ್‌ಕಿ ಸಾಕು. ಎದ್ದ ಹೋಗ್ರಿ, ಮತ್ತ ಈ ಕಡೆ ಹಣಿಕಿ ಹಾಕಬ್ಯಾಡ್ರಿ."

ಟೇಲರ್ ಮಾಮಾ "ಲೇ, ಉಣ್ಣೋ ಮನಶ್ಯಾನ್ನ..." ಅಂತ ಅರ್ಧಾ ಎದ್ದ. "ನೀವೂ ಹೋಗ್ರಿ ಬೇಕಾದ್ರ" ಅಂದೆ. ಕುಂತ.

ಕಾಕಾ ಒಂದ ಮಾತ ಕೇಳಿದ್ರು.

"ಯಾವ ಕಾಲು?"

"ಎಡಗಾಲು."

ತಾಟು ನೋಡಿದ್ರು. ಮೂರನೇ ರೊಟ್ಟಿ ಮುರದದ್ದು ಹಂಗ ಇತ್ತು. ಬಿಟ್ಟು ಏಳಾಕ ಅವರ ಕೈಲೆ ಆಗಂಗಿಲ್ಲ, ಉಣ್ಣಾಕ ನಾ ಬಿಡವಲ್ಲೆ. ಹೆಗಲ ಮ್ಯಾಲಿನ ಟಾವೆಲ್ ತಗದು ಆ ರೊಟ್ಟಿ ಅದರಾಗ ಕಟಗೊಂಡ್ರು. ತಾಟಿಗೆ ನೀರು ಹಾಕಲಿಲ್ಲ. ಎದ್ದ ಹೋದ್ರು. ಚಪ್ಪಲಿ ಹಾಕ್ಕೊಳ್ಳೋವಾಗ ಒಂದು ಕಾಲಿಗೆ ಚಪ್ಪಲಿ ಸಿಗದ ತಡಕಾಡಿದ್ದು ನೋಡಿದೆ. ಆವಾಗ ನನಗ ಖುಷಿ ಆತು. ಈಗ ನೆನಸಿದ್ರ ಆಗಂಗಿಲ್ಲ.

ಸಂಜೀಮುಂದ ಬುತ್ತಿ ತಗೊಂಡು ದವಾಖಾನಿಗೆ ಹೋದ್ರ, ಅಲ್ಲೆ ಕಟಗಿ ಬಾಕಿನ ಮ್ಯಾಲ ಕಾಕಾ ಕುಂತಿದ್ರು. ನನ್ನ ನೋಡಿ ಎದ್ದ ನಿಂತ್ರು. ನಾ ಅವರನ್ನ ದಾಟಿ ಒಳಗ ಹೋದೆ. ಮರುದಿನಾನೂ ಅಲ್ಲೇ. ಒಳಗ ಅವ್ವನ್ನ ನೋಡಾಕ ಹೋಗಿದ್ದಿಲ್ಲ. ಬಾಗಲಾ ಹೊರಗ ಅಷ್ಟ.

ಆ ದವಾಖಾನ್ಯಾಗ ಶುಗರ್ ಇದ್ದವರಿಗೆ ಊಟದ್ದು ಹೇಳಾಕ ಒಬ್ಬರು ಮ್ಯಾಡಮ್ಮಾರು ಇದ್ರು. ವಯಸ್ಸು ಸಣ್ಣದು, ಮಾತು ಖಡಕ್. ಕಾಕಾ ಆ ಮ್ಯಾಡಮ್ಮಾರ ಖೋಲ್ಯಾಗ ಹೋಗಿ ಜಗಳಕ್ಕ ನಿಂತಿದ್ರಂತ. ಇದನ್ನ ಮ್ಯಾಡಮ್ಮಾರ ನನಗ ಆಮ್ಯಾಲೆ ಹೇಳಿದ್ರು.

"ಜ್ವಾಳದಾಗ ಸಕ್ಕರಿ ಎಲ್ಲೈತಿ ತೋರಸ್ರಿ ನನಗ. ಮೂವತ್ತ ವರ್ಷ ಜ್ವಾಳ ಕಡದ ನೋಡೇನಿ. ಸಿಹಿ ಇದ್ರ ನನ್ನ ನಾಲಿಗಿಗೆ ಗೊತ್ತಾಗ್ತಿದ್ದಿಲ್ಲೇನ್ರಿ?"

ಮ್ಯಾಡಮ್ಮಾರು, "ಅಜ್ಜಾರ, ಜ್ವಾಳ ಛಲೋನ. ಆದ್ರ ಅದೂ ಹೊಟ್ಟಿಗೆ ಹೋಗಿ ಸಕ್ಕರಿನ ಆಗೂದು. ನಾಲಿಗಿಗೆ ಗೊತ್ತಾಗಂಗಿಲ್ಲ. ಒಂದ ಕೆಲಸ ಮಾಡ್ರಿ. ದಿನಾ ಎಷ್ಟ ತಿಂತೀರೋ ಅಷ್ಟ ತಿಂದ ಬರ್ರಿ. ಎರಡ ತಾಸು ಬಿಟ್ಟು ಬಟ್ಟಿಗೆ ಚುಚ್ಚಿ ನೋಡೋಣು" ಅಂದ್ರಂತ.

ಬ್ಯಾರೆ ಯಾರಾದ್ರೂ ಆಗಿದ್ರ ಎದ್ದ ಹೋಗ್ತಿದ್ರು. ಕಾಕಾ ಹೋಗಲಿಲ್ಲ. ಹೊರಗ ಹೋಗಿ ಎಲ್ಲಿಂದಲೋ ಐದ ರೊಟ್ಟಿ ತಂದು, ಬಾಕಿನ ಮ್ಯಾಲ ಕುಂತು ಐದೂ ಉಂಡ್ರು. ಅದನ್ನ ನಾ ಕಣ್ಣಾರೆ ಕಂಡೆ. ಅವ್ವನ ಬಾಗಲಾ ಹೊರಗ ಕುಂತು ಆರಾಮ ಉಣ್ಣಾಕತ್ತಾರಲ್ಲ ಈ ಮನಶ್ಯಾ, ಅಂತ ಮೈ ಉರದಿತ್ತು. ಯಾಕ ಉಣ್ಣಾಕತ್ತಿದ್ರು ಅಂತ ನನಗೇನ ಗೊತ್ತು.

ಎರಡ ತಾಸಿಗೆ ಚುಚ್ಚಿದ್ರು. ಮುನ್ನೂರ ದಾಟಿತ್ತು. ಕಾಕಾ "ಮಶಿನ್ ಕೆಟ್ಟೈತಿ" ಅಂದ್ರಂತ. ಮ್ಯಾಡಮ್ಮಾರು ತಮ್ಮ ಬಟ್ಟಿಗೆ ಚುಚ್ಚಿ ತೋರಿಸಿದ್ರಂತ. ಸರಿ ಇತ್ತು. ಮರುದಿನ ಎರಡ ರೊಟ್ಟಿ, ಜೋಡಿ ಪಲ್ಲೆ, ಕಾಳು, ಸೌತಿಕಾಯಿ ತಿಂದ ಹೋದ್ರು. ಮತ್ತ ಚುಚ್ಚಿದ್ರು. ಭಾಳ ಇಳದಿತ್ತು. ಮೂರನೇ ದಿನ ಬೇವಿನ ಎಲಿ ತಿಂದು ಐದ ರೊಟ್ಟಿ ತಿಂದ್ರು. ಬೇವು ಏನೂ ವಜಾ ಮಾಡಿದ್ದಿಲ್ಲ. ಅವತ್ತ ಮಶಿನ್ನಿನ ಮುಂದ ಭಾಳ ಹೊತ್ತು ಕುಂತ್ರಂತ, ಆ ನಂಬರ್ ಅಳಸಿ ಹೋದ ಮ್ಯಾಲೂ.

ಅವ್ವನ ಕಿರಿಬಟ್ಟು ತಗದ್ರು. ಪಾದ ಉಳೀತು. ಡಾಕ್ಟರು ನನ್ನ ಕರದು, "ನರ ಸತ್ತದ್ದು ಇವತ್ತಿನ ಮಾತಲ್ಲಪ್ಪ, ಹತ್ತೆಂಟು ವರ್ಷದ್ದು. ಗುಳಗಿ ಬಿಟ್ಟದ್ದು ಅದಕ್ಕ ಬೆಂಕಿ ಹಚ್ಚೇತಿ ಅಷ್ಟ" ಅಂದ್ರು. ಅಂದ್ರ ಪೂರಾ ತಪ್ಪು ಕಾಕಾಂದಲ್ಲ. ಅರ್ಧಾನೂ ಅಲ್ಲೋ ಏನೋ. ನಾ ಅದನ್ನ ತಿಳಕೊಂಡೆ, ಆದ್ರ ಕಾಕಾನ್ನ ಕರೀಲಿಲ್ಲ. ನನಗ ಸೊಕ್ಕು.

ಅವ್ವ ಮನಿಗೆ ಬಂದು ತಿಂಗಳಿಗೆ ಮತ್ತ ಒಲಿ ಮುಂದ ಕುಂತ್ಲು. ಈಗ ಕಾಲಿಗೆ ದಪ್ಪ ಬೂಟು ಹಾಕ್ಕೊಂಡು, ಒಲಿ ಕಡೆ ಹಲಗಿ ಅಡ್ಡ ಇಟಗೊಂಡು. ಅವತ್ತ ಮಧ್ಯಾಹ್ನ ಖಾನಾವಳಿ ತುಂಬಿದ ಹೊತ್ತಿನ್ಯಾಗ ಕಾಕಾ ಬಂದು ಬಾಗಲದಾಗ ನಿಂತ್ರು. ಒಳಗ ಬರಲಿಲ್ಲ. ಇಳದ ಹೋಗಿದ್ರು.

"ಉಣ್ಣಾಕ ಬಂದಿಲ್ಲ ತಮ್ಮಾ. ಒಂದ ಮಾತ ಹೇಳಿ ಹೋಗ್ತೇನಿ."

ಹೋಗ್ರಿ ಅಂತ ಬಾಯಿಗೆ ಬಂದಿತ್ತು, ಅನ್ನಲಿಲ್ಲ. ಕಾಕಾ ಎಲ್ಲಾ ಟೇಬಲ್ ಕಡೆ ತಿರುಗಿ ಅಂದ್ರು,

"ಎಲ್ಲಾರೂ ಸ್ವಲ್ಪ ಕೇಳ್ರಿ. ನಾ ಹತ್ತ ವರ್ಷ ಈ ಮೂಲ್ಯಾಗ ಕುಂತು ಶುಗರ್ ಬಗ್ಗೆ ಏನೇನ ಹೇಳೇನಲ್ಲ, ಅದು ತಪ್ಪ. ಜ್ವಾಳದಾಗ ಸಕ್ಕರಿ ಇಲ್ಲ ಅಂದೆ, ಐತಿ. ಬೇವು ವಜಾ ಮಾಡತೈತಿ ಅಂದೆ, ಮಾಡಂಗಿಲ್ಲ. ಗುಳಗಿ ಬಿಡ್ರಿ ಅಂದೆ. ಅದು ಪಾಪದ ಮಾತು. ಮಾರ್ಕೆಟ್ಟಿನ್ಯಾಗ ಚೀಲಕ್ಕ ಚುಚ್ಚಿ ನೋಡದ ನಾ ಎಂದೂ ಮಾಲಿನ ಬಗ್ಗೆ ಮಾತಾಡಿದಾಂವಲ್ಲ. ಮೈಗೆ ಚುಚ್ಚಿ ನೋಡಲಾರದ ಮಾತಾಡೇನಿ. ಈಗ ಚುಚ್ಚಿ ನೋಡೇನಿ. ಒಳಗ ಹುಳಕ ಇತ್ತು."

ಯಾರೂ ಉಣ್ಣಾಕತ್ತಿದ್ದಿಲ್ಲ.

"ನನ್ನ ಮಾತು ಕೇಳಿ ಗುಳಗಿ ಬಿಟ್ಟವ್ರು ಯಾರ್ಯಾರದೀರಿ? ಕೈ ಎತ್ರಿ."

ಮೊದಲ ಯಾರೂ ಎತ್ತಲಿಲ್ಲ. ಆಮ್ಯಾಲೆ ಟೇಲರ್ ಮಾಮಾ ಎತ್ತಿದ, ಎಂಜಲಾ ಕೈ. ರೈಲ್ವೆ ಅಜ್ಜ ಎತ್ತಿದ್ರು. ಬಾಗಲಾ ಹಂತೇಕ ಕುಂತ ಒಬ್ಬಾಂವ, ನಮಗ ಹೆಸರೂ ಗೊತ್ತಿಲ್ಲ, ತಿಂಗಳಿಗೊಮ್ಮೆ ಬರ್ತಿದ್ದ, ಆಂವಾನೂ ಎತ್ತಿದ.

ಕಾಕಾ ಅವರನ್ನ ಒಬ್ಬೊಬ್ಬರನ್ನ ನೋಡಿದ್ರು. "ನಾಳೆ ಮುಂಜಾನಿ ನನ್ನ ಜೋಡಿ ದವಾಖಾನಿಗೆ ಬರಬೇಕು. ಬರಲಿಲ್ಲಂದ್ರ ಮನಿಗೆ ಬಂದು ಎಳಕೊಂಡು ಹೋಗ್ತೇನಿ" ಅಂದ್ರು. ಆಮ್ಯಾಲೆ ಸಣ್ಣ ದನಿಲೆ, "ಸೊಸಿಗೆ ಮೊದಲ ಹೇಳಿ ಬಂದೇನಿ. ಆಕಿ ಮುಂದ ಹೇಳೂದ ಭಾಳ ಕಷ್ಟ ಆತು."

ಅಜ್ಜ ನಕ್ಕುಬಿಟ್ರು. ಅವರು ನಕ್ಕದ್ದಕ್ಕ ಎಲ್ಲಾರೂ ಉಸಿರ ಬಿಟ್ರು.

ಒಳಗಿಂದ ಅವ್ವನ ದನಿ ಬಂತು. "ಅಣ್ಣಾರ್ನ ಹಂಗ ನಿಂದರಿಸಿಯೇನೋ? ಕುಂದರಸು."

ನಾ ಕುರ್ಚಿ ಎಳದೆ. ಕಾಕಾ ನನ್ನ ಮಾರಿ ನೋಡಿದ್ರು. "ಕುಂದರಲೇನೋ?"

"ಕುಂದರ್ರಿ. ರೊಟ್ಟಿ ಆರಾಕತ್ತಾವ."

ಇದಕ್ಕಿಂತ ಛಲೋ ಮಾತು ನನಗ ಬರಲಿಲ್ಲ.

ಅವತ್ತ ಅವ್ವನ ನೀಡಾಕ ಬಂದ್ಲು, ಕುಂಟಕೋತ. ಕಾಕಾ ಆಕಿ ಬೂಟು ನೋಡಿ ಮಾರಿ ಕೆಳಗ ಹಾಕಿದ್ರು. ಅವ್ವ ಒಂದು ರೊಟ್ಟಿ ಹಾಕಿದ್ಲು. ಉಂಡ್ರು. ಇನ್ನೊಂದು ಹಾಕಿದ್ಲು. ಉಂಡ್ರು. ಪಲ್ಲೆ ಎರಡ ಸಲ ತಗೊಂಡ್ರು. ಅವ್ವ ಮೂರನೇದ್ದು ತಂದ್ಲು. ಪಾಪ, ದವಾಖಾನ್ಯಾಗ ಎಲ್ಲಾ ಕೇಳಿ ಬಂದಾಕಿನ, ಆದ್ರ ಕೈ ಕೇಳಬೇಕಲ್ಲ. ಹತ್ತ ವರ್ಷದ ರೂಢಿ.

ಕಾಕಾ ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರು.

ಅವ್ವ ರೊಟ್ಟಿ ಹಿಡಕೊಂಡು ಹಂಗ ನಿಂತ್ಲು.

"ಸಿಟ್ಟ ಐತೇನ್ರಿ ಅಣ್ಣಾರ?"

"ಇಲ್ಲವ್ವಾ. ಹೊಟ್ಟಿ ತುಂಬೈತಿ."

ಸುಳ್ಳ. ತುಂಬಿದ್ದಿಲ್ಲ. ಆರ ರೊಟ್ಟಿ ಉಣ್ಣೋ ಮನಶ್ಯಾಗ ಎರಡರಾಗ ಏನ ತುಂಬತೈತಿ. ಅವ್ವಗೂ ಗೊತ್ತಿತ್ತು. ಆಕಿ ರೊಟ್ಟಿ ಒಳಗ ಒಯ್ದು ಬುಟ್ಟ್ಯಾಗ ಇಟ್ಟು ಸೆರಗಿಲೆ ಮಾರಿ ಒರಸಕೊಂಡ್ಲು. ಕಾಕಾ ತಾಟಿಗೆ ನೀರು ಹಾಕಿ ತಿರುವಿ ಕುಡದ್ರು.

ಆಮ್ಯಾಲೆ ಮೂರ ವರ್ಷ ಇದ್ರು. ಸುಮ್ಮನ ಕುಂದರೋ ಪೈಕಿ ಅಲ್ಲ. ತಂಬಾಕದ ಡಬ್ಬಿಯಾಗಿನ ಮೆಂತೆ ಹೋಗಿ ಸೂಜಿ ಬಂದುವು, ಕಿಸೆದಾಗ ಶುಗರ್ ನೋಡೋ ಮಶಿನ್. ಉಂಡ ಎರಡ ತಾಸಿಗೆ ಟೇಲರ್ ಮಾಮಾನ ಅಂಗಡಿಗೆ ಹೋಗಿ "ಬಟ್ಟು ಚಾಚು" ಅನ್ನೋದು. "ದಿನಾ ಬಟ್ಟೀ ಹೊಲಿಯೋವಾಗ ಚುಚ್ಚಕೋತೇನಿ, ಸಾಲಂಗಿಲ್ಲೇನ್ರಿ ನಿಮಗ?" ಅಂತ ಮಾಮಾ ಬೈತಿದ್ದ, ಬಟ್ಟು ಚಾಚ್ತಿದ್ದ. ಅವ್ವಗ ದಿನಾ ಮುಂಜಾನಿ ಎಂಟಕ್ಕ ಫೋನ್ ಮಾಡೋದು. "ನುಂಗಿದೇನು?" ಅಂತ ಒಂದ ಮಾತು. ಅವ್ವ "ನುಂಗೇನ್ರಿ ಅಣ್ಣಾರ" ಅಂದ್ಲಂದ್ರ ಫೋನ್ ಕಟ್.

ಸಂತ ಆದ್ರು ಅಂತ ತಿಳ್ಕೋಬ್ಯಾಡ್ರಿ. ಬಸವ ಜಯಂತಿ ದಿನ ಧಾರವಾಡದ ಪೇಡೆ ತಗೊಂಡು ಬಂದು ನನ್ನ ಎದುರಿಗೇ ಒಂದು ಬಾಯಾಗ ಹಾಕ್ಕೊಂಡ್ರು.

"ಏನ್ರಿ ಕಾಕಾ ಇದು?"

"ತಪ್ಪು ಮಾಡಾಕತ್ತೇನಿ" ಅಂದ್ರು, ಕಣ್ಣ ಮುಚ್ಚಿ. "ಗೊತ್ತಿದ್ದು ಮಾಡಾಕತ್ತೇನಿ. ಬೇವು ತಿಂದು ನನಗ ನಾನ ಮೋಸ ಮಾಡಕೊಂಡಿಲ್ಲ ನೋಡು."

ಅವರನ್ನ ಎಬ್ಬಿಸಿ ಕಳಿಸಿದ್ದಕ್ಕ ನಾ ತಪ್ಪಾತು ಅಂತ ಎಂದೂ ಅನ್ಲಿಲ್ಲ. ಒಮ್ಮೆ ಅನ್ನಾಕ ಹೋದೆ. ಅವರು ಬಾಯಿ ಮುಚ್ಚಿಸಿದ್ರು. "ನೀ ಎಬ್ಬಸದಿದ್ರ ನಾ ಇನ್ನೂ ಆ ಮೂಲ್ಯಾಗ ಕುಂತು ಮಂದೀನ್ನ ಕೊಲ್ಲಾಕತ್ತಿರತಿದ್ದೆ. ಆ ಅರ್ಧ ರೊಟ್ಟಿ ದವಾಖಾನಿ ಬಾಕಿನ ಮ್ಯಾಲ ಕುಂತು ತಿಂದೆ. ದಪ್ಪ ಇತ್ತು, ನಿಮ್ಮತ್ತಿಗೆ ಬಡಿಯಾಕ ಬರಂಗಿಲ್ಲ" ಅಂದ್ರು.

ಮೊನ್ನಿ ಸ್ವಾಮಾರ ಅವ್ವ ಕಾಕಾನ ಹೆಸರಿಲೆ ಎಡಿ ಹಿಡಿಯೋಣು ಅಂದ್ಲು. ಅವರ ಮನ್ಯಾಗ ಅವರು ಮಾಡ್ತಾರ, ನಾವು ನಮ್ಮಲ್ಲೆ ಮಾಡೂದು. ಹೋಳಿಗಿ, ಎಣ್ಣಿಗಾಯಿ, ಝುಣಕ, ಶೇಂಗಾ ಚಟ್ನಿ ಮಾಡಿದ್ಲು. ಮೂಲಿ ಟೇಬಲ್ ತೊಳದು ಅವರ ತಾಟು ಇಟ್ಟೆ. ಟೇಲರ್ ಮಾಮಾ, ಅಜ್ಜ ಬಂದು ಗ್ವಾಡಿಗೆ ಹತ್ತಿ ನಿಂತ್ರು. ಅವ್ವ ಬಿಸಿ ರೊಟ್ಟಿ ತಂದು ಒಂದು ಇಟ್ಲು. ಎರಡು ಇಟ್ಲು. ಮೂರನೇದ್ದು ಎತ್ತಿದ್ಲು.

ನಾ ತಾಟಿಗೆ ಕೈ ಅಡ್ಡ ಹಿಡದೆ. ವಿಚಾರ ಮಾಡಿ ಹಿಡದದ್ದಲ್ಲ. ಮೂರ ವರ್ಷ ಅವರು ಹಿಡದದ್ದು ನೋಡಿ ನೋಡಿ ಕೈ ತಾನ ಹೋತು.

ಅವ್ವ ನನ್ನ ನೋಡಿದ್ಲು.

"ಸತ್ತವರಿಗೆ ಎಲ್ಲಿ ಶುಗರೋ, ಹುಚ್ಚಾ" ಅಂದ್ಲು. "ಕೈ ತಗಿ. ಈಗರ ಹೊಟ್ಟಿ ತುಂಬ ಉಣ್ಣಲಿ."

ಕೈ ತಗದೆ. ಅವ್ವ ಆರ ರೊಟ್ಟಿ ನೀಡಿದ್ಲು, ಮ್ಯಾಲ ಎರಡು ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪ. ಎಲ್ಲಾರೂ ಕೈ ಮುಗದ್ವಿ. ಆಮ್ಯಾಲೆ ಎಡಿ ಎತ್ತಿ ಆಕಳಿಗೆ ಕೊಟ್ಟು ಬಂದೆ. ತಾಟಿಗೆ ನೀರು ಹಾಕಿ ತಿರುವಿದೆ, ಗಿಡದ ಬುಡಕ್ಕ ಹಾಕಿದೆ.

ಅವ್ವ ಗುಳಗಿ ನುಂಗಿದ್ಲು. ನಾವೆಲ್ಲಾ ಕುಂತು ಎರಡೆರಡ ಉಂಡ್ವಿ.